ಪೆಟ್ಟಿಗೆಯೊಳಗಿನ ದಂಡು: ಆಟಿಕೆ ಸೈನ್ಯಗಳ ಸಂಗ್ರಹದಲ್ಲಿ ಪ್ರಾಣಿಗಳ ಸಾಕ್ಷ್ಯ

ಆಟಿಕೆ ಸೈನಿಕರ ಬಗೆಗಿನ ಬರಹಗಳು ಸಾಮಾನ್ಯವಾಗಿ ಸಮವಸ್ತ್ರದಿಂದಲೇ ಶುರುವಾಗುತ್ತವೆ. ಅಂಗಿಯ ಬಣ್ಣ, ಟೋಪಿಯ ಗರಿ, ರೆಜಿಮೆಂಟಿನ ಹೆಸರು ಇವೆಲ್ಲ ಮುಗಿದ ಮೇಲೆ ಸವಾರನ ಕೆಳಗಿನ ಕುದುರೆಗೆ ಒಂದೆರಡು ಸಾಲು ಸಿಕ್ಕರೆ ಹೆಚ್ಚು. ಈ ಲೇಖನ ಆ ಕ್ರಮವನ್ನು ತಿರುಗಿಸಿ ನೋಡುತ್ತದೆ. ಲೋಹದಲ್ಲಿ ಎರಕ ಹೊಯ್ದು ಕೈಯಿಂದ ಬಣ್ಣ ಹಚ್ಚಿದ ಸೈನ್ಯಗಳ ಕಾಲ ಮತ್ತು ತಯಾರಿಕೆಯ ಕ್ರಮವನ್ನು ತಿಳಿಯುವುದಕ್ಕೆ ಸೈನಿಕನಿಗಿಂತ ಪ್ರಾಣಿಯೇ ಎಷ್ಟೋ ಸಲ ನಂಬಲರ್ಹ ಸಾಕ್ಷಿ ಎಂಬುದು ಇಲ್ಲಿನ ಮೊದಲ ವಾದ. ಯಾವ ಪ್ರಾಣಿಗೆ ಪೆಟ್ಟಿಗೆಯಲ್ಲಿ ಜಾಗ ಸಿಕ್ಕಿತು, ಯಾವುದು ಹೊರಗುಳಿಯಿತು ಎಂಬುದರಲ್ಲಿ ಆ ಕಾಲದ ಯುರೋಪು ಯುದ್ಧವನ್ನು ಮಕ್ಕಳಿಗೆ ಹೇಗೆ ತೋರಿಸಲು ಬಯಸಿತು ಎಂಬುದೂ ತಿಳಿಯುತ್ತದೆ ಎಂಬುದು ಎರಡನೆಯದು. ಲಂಡನ್ನಿನ ವಿಲಿಯಂ ಬ್ರಿಟನ್ ಕುಟುಂಬದ ಬ್ರಿಟನ್ಸ್ ಕಂಪನಿ ಇಲ್ಲಿ ಮುಖ್ಯ ಉದಾಹರಣೆ. ಜರ್ಮನಿ ಮತ್ತು ಫ್ರಾನ್ಸಿನ ತಯಾರಕರು ಹೋಲಿಕೆಗೆ ಬರುತ್ತಾರೆ.

ಚಪ್ಪಟೆಯಿಂದ ಟೊಳ್ಳಿಗೆ

18ನೆಯ ಶತಮಾನದ ಉತ್ತರಾರ್ಧದಲ್ಲಿ ಜರ್ಮನಿಯ ನ್ಯೂರೆಂಬರ್ಗ್‌ನಲ್ಲಿ ಯೋಹಾನ್ ಗಾಟ್‌ಫ್ರೀಡ್ ಹಿಲ್ಪರ್ಟ್‌ನ ಕುಟುಂಬ ತವರದ ಚಪ್ಪಟೆ ಸೈನಿಕರಿಗೆ ಹೆಸರಾಯಿತು. ಪ್ರಷ್ಯಾದ ದೊರೆ ಎರಡನೆಯ ಫ್ರೆಡರಿಕ್ ಕುದುರೆಯ ಮೇಲೆ ಕುಳಿತಿರುವ 1777ರ ಬೊಂಬೆ ಅವರ ಪ್ರಸಿದ್ಧ ಕೆಲಸ. 1839ರಲ್ಲಿ ಅದೇ ಊರಿನಲ್ಲಿ ಆರಂಭವಾದ ಎರ್ನ್ಸ್ಟ್ ಹೈನ್ರಿಕ್ಸನ್‌ನ ಕಾರ್ಖಾನೆ ಮೂರು ಸೆಂಟಿಮೀಟರಿನ ಆಸುಪಾಸಿನ ಎತ್ತರವನ್ನು ಒಂದು ಅಳತೆಗೋಲಾಗಿ ನಿಲ್ಲಿಸಿತು. ಸ್ಲೇಟು ಕಲ್ಲಿನಲ್ಲಿ ಕೊರೆದ ಅಚ್ಚಿನಿಂದ ಬಂದ ಈ ಬೊಂಬೆಗಳಲ್ಲಿ ಕುದುರೆಗೆ ಇದ್ದದ್ದು ಪಕ್ಕನೋಟ ಮಾತ್ರ. ಸವಾರನೂ ಕುದುರೆಯೂ ಒಂದೇ ತಗಡಿನಷ್ಟು ತೆಳುವಾಗಿ ಒಟ್ಟಿಗೆ ಎರಕವಾಗುತ್ತಿದ್ದರು. ಎದೆಯ ಅಗಲ, ಪೃಷ್ಠದ ದುಂಡು ಇವನ್ನೆಲ್ಲ ಬಣ್ಣದ ನೆರಳಿನಿಂದಲೇ ಸೂಚಿಸಬೇಕಿತ್ತು.

ಪ್ಯಾರಿಸ್ಸಿನ ಲೂಕೋತ್ ಮತ್ತು ಮಿನ್ಯೋ, ಡ್ರೆಸ್ಡನ್ನಿನ ಗಿಯೋರ್ಗ್ ಹೈಡೆ ಇವರೆಲ್ಲ ದುಂಡು ಬೊಂಬೆಗಳ ದಾರಿ ಹಿಡಿದರು. ಫ್ರೆಂಚ್ ಕೆಲಸದಲ್ಲಿ ಸವಾರನನ್ನು ಬೇರೆಯಾಗಿ ಎರಕ ಹೊಯ್ದು ಕುದುರೆಯ ಮೇಲೆ ಕೂರಿಸುವ ಪದ್ಧತಿ ಬೆಳೆಯಿತು. ಹೈಡೆಯ ಪೆಟ್ಟಿಗೆಗಳಲ್ಲಿ ಕವಾಯತು ಮಾಡುವ ಸಾಲುಗಳಷ್ಟೇ ಅಲ್ಲದೆ ಬಿಡಾರದ ಅಡುಗೆ, ಹೊರೆ ಹೊತ್ತ ಪ್ರಾಣಿಗಳು, ಅಂಬಾರಿ ಹೊತ್ತ ಆನೆ ಕೂಡ ಇದ್ದವು. ಆದರೆ ಇವೆಲ್ಲ ಗಟ್ಟಿ ಎರಕ. ತೂಕ ಹೆಚ್ಚು, ಬೆಲೆಯೂ ಹೆಚ್ಚು.

1893ರಲ್ಲಿ ಉತ್ತರ ಲಂಡನ್ನಿನ ಹಾರ್ನ್ಸಿ ರೈಸ್‌ನಲ್ಲಿ ಕಿರಿಯ ವಿಲಿಯಂ ಬ್ರಿಟನ್ ಟೊಳ್ಳು ಎರಕದ ಸೈನಿಕರನ್ನು ಮಾರುಕಟ್ಟೆಗೆ ತಂದಾಗ ಲೆಕ್ಕ ಬದಲಾಯಿತು. ಸೀಸ, ತವರ, ಆಂಟಿಮನಿಗಳ ಕರಗಿದ ಮಿಶ್ರಣವನ್ನು ಲೋಹದ ಅಚ್ಚಿಗೆ ಹೊಯ್ದರೆ, ಕಾದ ಹಾಲಿನ ಮೇಲೆ ಕೆನೆ ಕಟ್ಟುವಂತೆ ಅಚ್ಚಿನ ಗೋಡೆಗೆ ತಾಗಿದ ಪದರ ಮೊದಲು ಗಟ್ಟಿಯಾಗುತ್ತದೆ. ಕೆಲಸಗಾರ ತಕ್ಷಣ ಅಚ್ಚನ್ನು ತಿರುವಿ ಒಳಗಿನ ದ್ರವವನ್ನು ಸುರಿದುಬಿಡುತ್ತಾನೆ. ಉಳಿಯುವುದು ಸಿಪ್ಪೆ ಮಾತ್ರ. ಕುದುರೆಯಲ್ಲಿ ಈ ವಿಧಾನ ಒಂದು ಕುತೂಹಲದ ಫಲ ಕೊಡುತ್ತದೆ: ಹೊಟ್ಟೆ ಟೊಳ್ಳು, ಕಾಲು ಗಟ್ಟಿ. ತೆಳುವಾದ ಕಾಲಿನಲ್ಲಿ ಲೋಹ ಕ್ಷಣದಲ್ಲೇ ಪೂರ್ತಿ ಆರಿಬಿಡುವುದರಿಂದ ಅಲ್ಲಿಂದ ಸುರಿಯಲು ಏನೂ ಉಳಿದಿರುವುದಿಲ್ಲ. ಹಗುರವಾದ ಮೈಯನ್ನು ಸಣ್ಣ ಗಟ್ಟಿ ಕಾಲುಗಳು ಹೊರಬೇಕು. ಕೈಜಾರಿ ಬಿದ್ದಾಗ ಮೊದಲು ಮುರಿಯುವುದೂ ಅವೇ.

ಕಂಪನಿಯ ಒಂದನೆಯ ಸಂಖ್ಯೆಯ ಪೆಟ್ಟಿಗೆ ಲೈಫ್ ಗಾರ್ಡ್ಸ್ ಅಶ್ವದಳ. ಐದು ಸವಾರರಿಗೆ ಒಂದು ಶಿಲ್ಲಿಂಗ್, ಅದೇ ಬೆಲೆಗೆ ಕಾಲಾಳಾದರೆ ಎಂಟು. ಆಟಿಕೆ ರೈಲುಗಳ ಅಳತೆಗೆ ಹೊಂದುವ 54 ಮಿಲಿಮೀಟರ್ ಎತ್ತರ ಮುಂದೆ ಜಗತ್ತಿನ ಹವ್ಯಾಸಿಗಳ ಸಾಮಾನ್ಯ ಅಳತೆಯಾಯಿತು. ಬಣ್ಣದ ಕೆಲಸದ ಬಹುಪಾಲು ಮನೆಯಲ್ಲೇ ಕುಳಿತು ದುಡಿಯುವ ಹೆಂಗಸರ ಕೈಯಲ್ಲಿತ್ತು.

ಹೊಟ್ಟೆಯ ಕೆಳಗಿನ ಬರಹ

ಹಳೆಯ ಸೈನಿಕನೊಬ್ಬನ ವಯಸ್ಸನ್ನು ಹೇಳುವುದು ಸುಲಭವಲ್ಲ. ತಲೆ ಮುರಿದರೆ ಮಕ್ಕಳು ಬೆಂಕಿಕಡ್ಡಿಯ ತುಂಡು ಸಿಕ್ಕಿಸಿ ಮತ್ತೆ ಕೂರಿಸುತ್ತಿದ್ದರು. ಅಲುಗಾಡುವ ತೋಳು ಕಳಚಿದರೆ ಬೇರೊಬ್ಬನ ತೋಳು ಬರುತ್ತಿತ್ತು. ಮಾರಾಟಗಾರರು ಅಂಗಿಗೆ ಹೊಸ ಬಣ್ಣ ಬಳಿದು ಸಾಮಾನ್ಯ ರೆಜಿಮೆಂಟನ್ನು ಅಪರೂಪದ್ದಾಗಿ ಮಾಡಿದ ಉದಾಹರಣೆಗಳೂ ಇವೆ. ಕುದುರೆಯ ವಿಷಯದಲ್ಲಿ ಇಂಥ ಕೈವಾಡ ಕಡಿಮೆ, ಏಕೆಂದರೆ ಅದರ ಗುರುತುಗಳು ಬಣ್ಣದಲ್ಲಿರುವುದಕ್ಕಿಂತ ಅಚ್ಚಿನಲ್ಲೇ ಇರುತ್ತವೆ.

ಟೊಳ್ಳು ಎರಕ ಲಾಭ ತಂದ ಕೂಡಲೇ ನಕಲು ಮಾಡುವವರು ಹುಟ್ಟಿಕೊಂಡರು. ಅವರನ್ನು ತಡೆಯಲು ಬ್ರಿಟನ್ಸ್ 1900ರ ಸುಮಾರಿನಿಂದ ಹಕ್ಕುಸ್ವಾಮ್ಯದ ದಿನಾಂಕವಿರುವ ಕಾಗದದ ಚೀಟಿಯನ್ನು ಬೊಂಬೆಗೆ ಅಂಟಿಸತೊಡಗಿತು. ಕಾಲಾಳಿಗೆ ಅದು ನಿಂತ ತಟ್ಟೆಯ ಅಡಿಯಲ್ಲಿ, ಕುದುರೆಗೆ ಹೊಟ್ಟೆಯ ಕೆಳಗೆ. ಕಾಗದ ಉದುರಿಹೋಗುತ್ತಿದ್ದುದರಿಂದ ಮುಂದೆ ಆ ಅಕ್ಷರಗಳು ಅಚ್ಚಿನಲ್ಲೇ ಉಬ್ಬಿಕೊಂಡು ಬಂದವು. ಅನುಭವಿ ಸಂಗ್ರಾಹಕ ಅಶ್ವದಳದ ಬೊಂಬೆಯನ್ನು ಕೈಗೆತ್ತಿಕೊಂಡರೆ ಮೊದಲು ತಿರುಗಿಸಿ ನೋಡುವುದು ಹೊಟ್ಟೆಯನ್ನೇ. ಚೀಟಿಯಲ್ಲಿರುವ ದಿನಾಂಕ ಆ ಅಚ್ಚಿನ ಹಕ್ಕುಸ್ವಾಮ್ಯದ್ದು. ಬೊಂಬೆ ಆಮೇಲೆ ಎಷ್ಟೋ ವರ್ಷಗಳ ನಂತರ ತಯಾರಾಗಿರಬಹುದು. ಆ ದಿನಕ್ಕಿಂತ ಹಿಂದಿನದಲ್ಲ ಎಂಬುದಷ್ಟೇ ಇದರಿಂದ ಖಚಿತ.

ಫಿರಂಗಿ ಗಾಡಿ ಎಳೆಯುವ ಕುದುರೆಗಳಲ್ಲಿ ಸುಳಿವು ಸರಂಜಾಮಿನಲ್ಲಿದೆ. ಮೊದಲ ದಶಕಗಳ ತಂಡಗಳಿಗೆ ಕೊರಳ ಸುತ್ತ ದಪ್ಪ ಪಟ್ಟಿ, ನಂತರದವಕ್ಕೆ ಎದೆಯ ಮೇಲೆ ಅಡ್ಡ ಹಾಯುವ ಪಟ್ಟಿ. ಒಂಟೆಯಲ್ಲಿ ಸುಳಿವು ಬಾಲದಲ್ಲಿದೆ. 1896ರ ಈಜಿಪ್ಟ್ ಒಂಟೆ ದಳದ, ಅಂದರೆ 48ನೆಯ ಸಂಖ್ಯೆಯ ಪೆಟ್ಟಿಗೆಯ, ಆರಂಭದ ಒಂಟೆಗಳಿಗೆ ತಂತಿಯ ಬಾಲ. ಆಮೇಲೆ ಬಾಲವೂ ಮೈಯೊಂದಿಗೆ ಒಂದೇ ಎರಕವಾಯಿತು. ಒಂದು ಗೇಣಿಗಿಂತ ಕಡಿಮೆ ಉದ್ದದ ಪ್ರಾಣಿಯಲ್ಲಿ ಒಂದು ಎಳೆ ತಂತಿ ಹರಾಜಿನ ಬೆಲೆಯನ್ನೇ ಬದಲಿಸಬಲ್ಲದು.

ಬಣ್ಣವೂ ಪೂರ್ತಿ ವ್ಯರ್ಥವಲ್ಲ. ಲೈಫ್ ಗಾರ್ಡ್ಸ್‌ಗೆ ಕರಿ ಕುದುರೆ, ಸ್ಕಾಟ್ಸ್ ಗ್ರೇಸ್‌ಗೆ ಬೂದು ಕುದುರೆ, ಕಹಳೆಯವನಿಗೆ ಉಳಿದವರಿಗಿಂತ ಬೇರೆಯಾದ ಬೂದು ಕುದುರೆ ಇವು ನಿಜವಾದ ಸೈನ್ಯದ ರೂಢಿಗಳು. ಕಾರ್ಖಾನೆ ಇವನ್ನು ನಿಷ್ಠೆಯಿಂದ ಪಾಲಿಸಿತು. ಆದರೆ ಅಚ್ಚನ್ನು ಹೊಸದಾಗಿ ಕೊರೆಸುವುದು ದುಬಾರಿ. ಆದ್ದರಿಂದ ಒಂದೇ ಕುದುರೆ ಹಲವು ರೆಜಿಮೆಂಟುಗಳಲ್ಲಿ ಬೇರೆ ಬೇರೆ ಬಣ್ಣದಲ್ಲಿ ಓಡಿತು. ಭಾರತೀಯ ಅಶ್ವದಳಗಳ ಪೆಟ್ಟಿಗೆಗಳೂ, ಅಂದರೆ ಮದ್ರಾಸ್ ಅಶ್ವದಳ, ಬೆಂಗಾಲ್ ಲ್ಯಾನ್ಸರ್ಸ್, ಸ್ಕಿನ್ನರ್ಸ್ ಹಾರ್ಸ್, ಈ ಮಿತವ್ಯಯದ ಫಲಗಳೇ. ರುಮಾಲು, ಮುಖದ ಬಣ್ಣ, ಅಂಗಿ ಬದಲಾದವು.

ಹೇಸರಗತ್ತೆ, ಒಂಟೆ

1895ರಲ್ಲಿ ಬಂದ 28ನೆಯ ಸಂಖ್ಯೆಯ ಬೆಟ್ಟದ ಫಿರಂಗಿ ದಳ ಈ ಇಡೀ ಪರಂಪರೆಯಲ್ಲೇ ಜಾಣ ಆಟಿಕೆ. ಗಾಡಿ ಹೋಗದ ಕಡೆಗೆ ಫಿರಂಗಿಯನ್ನು ಬಿಚ್ಚಿ ಹೇಸರಗತ್ತೆಗಳ ಬೆನ್ನಿಗೆ ಹೇರುವುದು ವಾಯವ್ಯ ಗಡಿಯಲ್ಲಿ ಬ್ರಿಟಿಷ್ ಭಾರತೀಯ ಸೈನ್ಯದ ದಿನಚರಿಯಾಗಿತ್ತು. ಆಟಿಕೆಯಲ್ಲೂ ನಳಿಗೆ ಒಂದರ ಮೇಲೆ, ಗಾಲಿ ಇನ್ನೊಂದರ ಮೇಲೆ ಹೋಗುತ್ತವೆ. ಇಳಿಸಿ ಜೋಡಿಸಿದರೆ ಫಿರಂಗಿ ಸಿದ್ಧ. ಉಳಿದ ಪೆಟ್ಟಿಗೆಗಳು ಮೆರವಣಿಗೆ ತೋರಿಸಿದರೆ ಇದು ಸಾಗಣೆಯ ಕೆಲಸವನ್ನು ಮಗುವಿನ ಬೆರಳಿಗೆ ಕಲಿಸಿತು. ಒಂಟೆಯ ಅಚ್ಚು ಈಜಿಪ್ಟಿನಿಂದ ರಾಜಸ್ಥಾನಕ್ಕೂ ಬಂತು. ಮಹಾರಾಜ ಗಂಗಾಸಿಂಗರ ಗಂಗಾ ರಿಸಾಲಾ, 20ನೆಯ ಶತಮಾನದ ಆರಂಭದಲ್ಲಿ ಬಿಕಾನೇರ್ ಒಂಟೆ ದಳವೆಂಬ ಹೆಸರಿನಲ್ಲಿ, ಬ್ರಿಟನ್ಸ್‌ನ ಪಟ್ಟಿ ಸೇರಿತು.

ಮೊದಲ ಮಹಾಯುದ್ಧ ಮುಗಿದ ಮೇಲೆ ಮಕ್ಕಳ ಕೈಗೆ ಬಂದೂಕು ಕೊಡಲು ಮನಸ್ಸಿಲ್ಲದ ತಂದೆತಾಯಂದಿರು ಹೆಚ್ಚಾದರು. ಬ್ರಿಟನ್ಸ್ 1920ರ ದಶಕದ ಆರಂಭದಲ್ಲಿ ಹಸು, ಕುರಿ, ಹಂದಿ, ಉಳುವ ಕುದುರೆಗಳಿರುವ ಹೋಮ್ ಫಾರ್ಮ್ ಸಾಲನ್ನು ತಂದು ವ್ಯಾಪಾರ ಉಳಿಸಿಕೊಂಡಿತು. ಮೂರು ದಶಕ ದಂಡಿನ ಕುದುರೆ ಮಾಡಿ ಪಳಗಿದ ಕಾರ್ಖಾನೆಗೆ ಹೊಲದ ಕುದುರೆ ಹೊಸ ವಿದ್ಯೆಯೇನೂ ಆಗಿರಲಿಲ್ಲ.

ಜರ್ಮನಿಯಲ್ಲಿ ಬೇರೆ ವಸ್ತುವಿನ ಪ್ರಯೋಗ ನಡೆಯಿತು. ಹೌಸರ್ ಸೋದರರ ಎಲಾಸ್ಟೋಲಿನ್, ಬ್ರಾಂಡೆನ್‌ಬರ್ಗ್‌ನ ಲಿನಿಯೋಲ್ ಕಂಪನಿಗಳು ಮರದ ಹೊಟ್ಟು ಮತ್ತು ಅಂಟಿನ ಮುದ್ದೆಯನ್ನು ತಂತಿಯ ಚೌಕಟ್ಟಿನ ಮೇಲೆ ಅಚ್ಚೊತ್ತಿದವು. ತೇವ ಸೇರಿದರೆ ಒಳಗಿನ ತಂತಿ ತುಕ್ಕು ಹಿಡಿದು ಉಬ್ಬುತ್ತದೆ, ಕುದುರೆಯ ಕಾಲು ಉದ್ದಕ್ಕೆ ಸೀಳುತ್ತದೆ. ಸೀಸಕ್ಕೆ ಬೇರೆಯದೇ ಶತ್ರು. ಓಕ್ ಮರದ ಕಪಾಟಿನಿಂದ ಹೊರಡುವ ಆಮ್ಲದ ಆವಿ ತಾಗಿದರೆ ಬೊಂಬೆಯ ಮೇಲೆ ಬೂದು ಬಿಳಿ ಪುಡಿ ಏಳುತ್ತದೆ. ಆ ಪುಡಿ ವಿಷ. ಬಾಯಿಂದ ಊದಬಾರದು, ಬರಿಗೈಯಲ್ಲಿ ಒರೆಸಬಾರದು. ಅಂದದ ಹಳೆಯ ಕಪಾಟಿಗಿಂತ ಬಣ್ಣ ಬಳಿದ ಉಕ್ಕಿನ ಬೀರು ಅಥವಾ ಗಾಜಿನ ಪೆಟ್ಟಿಗೆ ಸುರಕ್ಷಿತ. ಸೀಸದ ಅಪಾಯ ಮನವರಿಕೆಯಾದಂತೆ ನಿಯಮಗಳು ಬಿಗಿಯಾದವು, 1966ರಲ್ಲಿ ಬ್ರಿಟನ್ಸ್ ಟೊಳ್ಳು ಎರಕವನ್ನು ನಿಲ್ಲಿಸಿತು. ಆಟಿಕೆ ಸಂಗ್ರಹಯೋಗ್ಯ ವಸ್ತುವಾಗುವ ಪ್ರಕ್ರಿಯೆಗೆ ಅಲ್ಲಿಂದ ವೇಗ ಬಂತು.

ಹವ್ಯಾಸದಿಂದ ಗ್ರಂಥಾಲಯಕ್ಕೆ

ಸಂಗ್ರಾಹಕರು ಒಗ್ಗೂಡಿದ್ದು ಅದಕ್ಕೂ ಮೊದಲೇ. ಬ್ರಿಟಿಷ್ ಮಾಡೆಲ್ ಸೋಲ್ಜರ್ ಸೊಸೈಟಿ 1935ರಲ್ಲಿ ಹುಟ್ಟಿತು. ಜರ್ಮನಿಯ ಕುಲ್ಮ್‌ಬಾಖ್‌ನ ಪ್ಲಾಸೆನ್‌ಬರ್ಗ್ ಕೋಟೆಯಲ್ಲಿರುವ ತವರದ ಬೊಂಬೆಗಳ ಮ್ಯೂಸಿಯಂನಲ್ಲಿ ಸುಮಾರು 3 ಲಕ್ಷ ಬೊಂಬೆಗಳಿವೆ. ಸಂಶೋಧನೆಯ ದೃಷ್ಟಿಯಿಂದ ಅಮೆರಿಕದ ಆನ್ ಬ್ರೌನ್ ಅವರ ಉದಾಹರಣೆ ಇನ್ನೂ ಮುಖ್ಯ. 1930ರಲ್ಲಿ ಮದುವೆಯಾಗಿ ಯುರೋಪ್ ಪ್ರವಾಸ ಹೋದಾಗ ಅವರು ಆಟಿಕೆ ಸೈನಿಕರನ್ನು ಕೊಳ್ಳತೊಡಗಿದರು. ಅವು ಯಾವ ದಳದವು ಎಂದು ಗುರುತಿಸಲು ಸಮವಸ್ತ್ರದ ಪುಸ್ತಕಗಳೂ ಚಿತ್ರಗಳೂ ಬೇಕಾದವು. ಹಾಗೆ ಬೆಳೆದ ಸಂಗ್ರಹ ಇಂದು ಬ್ರೌನ್ ವಿಶ್ವವಿದ್ಯಾಲಯದಲ್ಲಿದೆ. ಸೈನಿಕ ಚಿತ್ರಗಳ ಅಧ್ಯಯನಕ್ಕೆ ಜಗತ್ತಿನ ದೊಡ್ಡ ಆಕರಗಳಲ್ಲಿ ಒಂದು.

ಹೊರಗುಳಿದ ಎತ್ತು

ಇಷ್ಟು ಪ್ರಾಣಿಗಳ ಸಾಲಿನಲ್ಲಿ ಒಂದು ಕೊರತೆ ಕಣ್ಣಿಗೆ ಬೀಳುತ್ತದೆ. ಭಾರತದ ಯುದ್ಧಗಳಲ್ಲಿ ಭಾರಿ ಫಿರಂಗಿಯನ್ನು ಎಳೆದದ್ದು ಹೆಚ್ಚಾಗಿ ಎತ್ತು. ಆನೆ ಎಳೆಯುವ ದಳಗಳಲ್ಲೂ ಗುಂಡಿನ ಸದ್ದು ಹತ್ತಿರವಾದರೆ ಆನೆಯನ್ನು ಬಿಚ್ಚಿ ಎತ್ತು ಕಟ್ಟಬೇಕಾಗುತ್ತಿತ್ತು. ಆದರೂ ಕುದುರೆ, ಹೇಸರಗತ್ತೆ, ಒಂಟೆಗಳಿಗೆ ಲಂಡನ್ನಿನ ಪೆಟ್ಟಿಗೆಯಲ್ಲಿ ಸಿಕ್ಕ ಸ್ಥಾನ ದಂಡಿನ ಎತ್ತಿಗೆ ಸಿಗಲಿಲ್ಲ. ಅಂಗಡಿಯ ಗಾಜಿನ ಹಿಂದೆ ನಾಗಾಲೋಟದ ಕುದುರೆಗಿರುವ ಆಕರ್ಷಣೆ ನಿಧಾನ ನಡಿಗೆಯ ಎತ್ತಿಗೆ ಇರಲಿಲ್ಲವೆಂಬುದು ಒಂದು ಕಾರಣವಿರಬಹುದು. ಲಂಡನ್ನಿನ ಮಗುವಿಗೆ ಎತ್ತು ಹೊಲದ ಪ್ರಾಣಿಯಾಗಿಯೇ ಪರಿಚಿತವೆಂಬುದು ಇನ್ನೊಂದು.

ಕರ್ನಾಟಕಕ್ಕೆ ಈ ಕೊರತೆ ದೂರದ ಸಂಗತಿಯಲ್ಲ. ಮೈಸೂರು ಒಡೆಯರ ಬೆಣ್ಣೆ ಚಾವಡಿಯಾಗಿ ಆರಂಭವಾಗಿ ಟಿಪ್ಪುವಿನ ಕಾಲದಲ್ಲಿ ಅಮೃತ ಮಹಲ್ ಎಂಬ ಹೆಸರು ಪಡೆದ ಗೋಸಂಪತ್ತು ಹೈದರ್ ಮತ್ತು ಟಿಪ್ಪುವಿನ ಫಿರಂಗಿಗಳನ್ನು ಎಳೆಯಿತು. 1799ರ ನಂತರ ಇಂಗ್ಲಿಷರ ವಶವಾದ ಈ ಎತ್ತುಗಳ ವೇಗವನ್ನೂ ತಾಳಿಕೆಯನ್ನೂ ಆರ್ಥರ್ ವೆಲ್ಲೆಸ್ಲಿಯೇ ಮೆಚ್ಚಿದ್ದ. ಆದರೂ ಮೈಸೂರು ಸೀಮೆಯ ನವರಾತ್ರಿಯ ಬೊಂಬೆ ಸಾಲುಗಳಲ್ಲೂ ದಂಡಿನ ಎತ್ತಿಗಿಂತ ಹೆಚ್ಚಾಗಿ ಕಾಣುವುದು ಜಂಬೂಸವಾರಿಯ ಆನೆ, ಕುದುರೆ ಸವಾರರೇ.

ಕಡಿಮೆ ಸಂಖ್ಯೆಯಲ್ಲಿ ಸೀಸರಹಿತ ಬಿಳಿ ಲೋಹದ ಬೊಂಬೆ ಮಾಡುವ ಸಣ್ಣ ಕಾರ್ಯಾಗಾರಗಳು ಇಂದು ಹಲವು ದೇಶಗಳಲ್ಲಿವೆ. ಮೈಸೂರಿನ ಫಿರಂಗಿ ದಳವನ್ನು ಮಾಡಹೊರಡುವವರು ಎತ್ತಿನ ಮಾದರಿಗೆ ಹಳೆಯ ಚಿತ್ರಗಳನ್ನಷ್ಟೇ ನೆಚ್ಚಬೇಕಾಗಿಲ್ಲ. ಚಿಕ್ಕಮಗಳೂರು ಜಿಲ್ಲೆಯ ಅಜ್ಜಂಪುರದ ತಳಿ ಕೇಂದ್ರದಲ್ಲಿ ಅಮೃತ ಮಹಲ್ ತಳಿ ಈಗಲೂ ಇದೆ. ಬೂದು ಮೈ, ಕಿರಿದಾದ ಉದ್ದ ಮುಖ, ಬುಡದಲ್ಲಿ ಒತ್ತಾಗಿ ಹುಟ್ಟಿ ಹಿಂದಕ್ಕೆ ಬಾಗಿ ಮೇಲೇಳುವ ಚೂಪು ಕೊಂಬು ಇವನ್ನೆಲ್ಲ ನೇರವಾಗಿ ಅಳೆದು ಅಚ್ಚಿಗೆ ಇಳಿಸಬಹುದು.