ಗವಾನನ ಮುದ್ರೆ, ಔರಾದಿನ ಪಾಸ್‌ವರ್ಡ್

ಭಾಲ್ಕಿಯಿಂದ ಒಬ್ಬ ಕೇಳುಗರು ಪ್ರಶ್ನೆ ಕಳಿಸಿದ್ದಾರೆ. ಅವರ ತಂದೆ ನಿವೃತ್ತರು, ಮನೆಗೆ ಹೊಸದಾಗಿ ಕಂಪ್ಯೂಟರ್ ತಂದಿದ್ದಾರೆ. ಸರಳವಾದ, ಕೈಕೊಡದ ಇಮೇಲ್ ಯಾವುದು ಅಂತ ಕೇಳ್ಯಾರ. ಇದು ಇತಿಹಾಸದ ಕಾರ್ಯಕ್ರಮ, ಕಂಪ್ಯೂಟರ್ ರಿಪೇರಿ ಅಂಗಡಿ ಅಲ್ಲ. ಆದರೂ ನಮ್ಮ ಬೀದರಿನ ಮಟ್ಟಿಗೆ ಈ ಪ್ರಶ್ನೆಯ ಉತ್ತರ ಇತಿಹಾಸದಾಗೇ ಅದ, ಅದಕ್ಕೇ ತಗೊಂಡೆ.

1995ರ ಆಗಸ್ಟ್ 15ರಂದು ವಿಎಸ್‌ಎನ್‌ಎಲ್ ಸಂಸ್ಥೆ ಸಾರ್ವಜನಿಕರಿಗೆ ಇಂಟರ್ನೆಟ್ ಕೊಡಲು ಶುರುಮಾಡಿತು. ಮೊದಲು ಬಂದದ್ದು ದೊಡ್ಡ ಮಹಾನಗರಗಳಿಗೆ. ಬೀದರಿನ ಮನೆಯಿಂದ ಅದನ್ನು ಮುಟ್ಟಬೇಕಾದರೆ ದೂರದ ಊರಿಗೆ ಎಸ್‌ಟಿಡಿ ಹಚ್ಚಬೇಕು, ನಿಮಿಷಕ್ಕಿಷ್ಟು ಅಂತ ಬಿಲ್ ಏರಬೇಕು. ಜಿಲ್ಲಾ ಕೇಂದ್ರಗಳಿಗೆ ಎನ್‌ಐಸಿಯ ಉಪಗ್ರಹ ಜಾಲ ಅದಕ್ಕೂ ಮೊದಲೇ ಬಂದಿತ್ತು ಖರೆ. ಅದು ಸರ್ಕಾರದ ಕಾಗದಕ್ಕೆ, ನಮ್ಮ-ನಿಮ್ಮ ಕಾಗದಕ್ಕಲ್ಲ.

ನಮ್ಮ ಕಡೆ ಮನೆಗಳಿಗೆ ಇಮೇಲ್ ನಿಜವಾಗಿ ಹತ್ತಿರ ಬಂದದ್ದು ಸಂಚಾರ್‌ನೆಟ್ ದಿನಗಳಲ್ಲಿ. 172233 ಡಯಲ್ ಮಾಡಿದರೆ ಲೋಕಲ್ ಕಾಲಿನ ದರ. ಮೋಡೆಮ್ ಕಿರ್‌ರ್ ಅಂತ ಕೂಗೋದು, ಅಷ್ಟೊತ್ತೂ ಮನೆ ಫೋನು ಎಂಗೇಜ್. ಆಗಿನ ಜಾಣತನ ಏನಂದ್ರ, ಔಟ್‌ಲುಕ್ ಎಕ್ಸ್‌ಪ್ರೆಸ್ ತೆರೆದು, ಎರಡು ನಿಮಿಷ ಲೈನ್ ಹಚ್ಚಿ, ಬಂದ ಪತ್ರಗಳನ್ನೆಲ್ಲ ಕಂಪ್ಯೂಟರಿಗೆ ಇಳಿಸಿಕೊಂಡು, ಲೈನ್ ಕಡಿದು, ಆಮೇಲೆ ನಿಧಾನ ಓದುವುದು. ಪಾಪ್ ಅಂತ ಕರೆಯೋ ಈ ಪದ್ಧತಿಯಲ್ಲಿ ಪತ್ರ ಸಾಮಾನ್ಯವಾಗಿ ಸರ್ವರಿನಿಂದ ಅಳಿದು ನಿಮ್ಮ ಡಿಸ್ಕಿನಲ್ಲಿ ಮಾತ್ರ ಉಳಿಯುತ್ತದೆ. ಕರೆಂಟ್ ಹೋಗಿ ಬಂದು ಡಿಸ್ಕ್ ಕೆಟ್ಟಿತು ಅಂದ್ರ ಪತ್ರಾನೂ ಹೋತು. ನಮ್ಮ ಕಡೆ ಕರೆಂಟಿನ ಕಥೆ ನಿಮಗೇನು ಹೇಳೋದು.

ಇನ್ನೊಂದು ದಾರಿ ಸೈಬರ್ ಕೆಫೆ. 1996ರ ಜುಲೈ 4ರಂದು ಹಾಟ್‌ಮೇಲ್ ಶುರುವಾಗಿತ್ತು. ಕಟ್ಟಿದ ಇಬ್ಬರಲ್ಲಿ ಒಬ್ಬ ಸಬೀರ್ ಭಾಟಿಯಾ, ಬೆಂಗಳೂರಿನಲ್ಲಿ ಶಾಲೆ ಓದಿದವ. ಯಾವ ಊರಿನ ಯಾವ ಕಂಪ್ಯೂಟರಿನಿಂದಾದರೂ ತೆರೆಯಬಹುದು, ದುಡ್ಡಿಲ್ಲ. ಹೈದರಾಬಾದ್, ಪುಣೆ, ಕೊಲ್ಲಿ ದೇಶ ಅಂತ ಮಕ್ಕಳು ಹೋದ ಮನೆಗಳಿಗೆ ಇದು ದೊಡ್ಡ ಅನುಕೂಲ. ಆದರ ಜಾಗ ಬರೀ 2 ಎಂಬಿ. ನಾಲ್ಕು ಮದುವೆ ಫೋಟೋ ಬಂದರೆ ಡಬ್ಬಿ ತುಂಬಿತು, ಐದನೆಯದು ವಾಪಸ್. 2004ರ ಏಪ್ರಿಲ್ 1ರಂದು ಜಿಮೇಲ್ 1 ಜಿಬಿ ಕೊಡ್ತೀವಿ ಅಂದಾಗ ಏಪ್ರಿಲ್ ಫೂಲ್ ಅಂತ ತಿಳಿದವರೇ ಹೆಚ್ಚು.

ಕನ್ನಡದ ಗೋಳು ಬೇರೆ. ಬರಹ, ನುಡಿ ಫಾಂಟುಗಳಲ್ಲಿ ಟೈಪ್ ಮಾಡಿ ಕಳಿಸಿದರೆ, ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಚಿತ್ರವಿಚಿತ್ರ ಗುರುತುಗಳು ಕಾಣ್ತಿದ್ದವು. ಯುನಿಕೋಡ್ ಪಟ್ಟಿಯಲ್ಲಿ ಕನ್ನಡ 1991ರಿಂದಲೇ ಇದ್ದರೂ, ವಿಂಡೋಸ್ ಎಕ್ಸ್‌ಪಿ ತುಂಗಾ ಫಾಂಟ್ ತಂದದ್ದು 2001ರಲ್ಲಿ. ಅಲ್ಲೀವರೆಗೂ, ಆಮೇಲೂ ಎಷ್ಟೋ ವರ್ಷ, ಔರಾದಿನ ತಾಯಿ ಮರಾಠಿಯಲ್ಲಿ ಹೇಳಿದ್ದನ್ನೂ ಭಾಲ್ಕಿಯ ಅಪ್ಪ ಕನ್ನಡದಲ್ಲಿ ಹೇಳಿದ್ದನ್ನೂ ಇಂಗ್ಲಿಷ್ ಅಕ್ಷರದಾಗೇ ಬರೆದು ಕಳಿಸಿದರು.

ನಮ್ಮ ಮನೆಯ ಮೊದಲ ವಿಳಾಸ ಒಂದು ಇಂಟರ್ನೆಟ್ ಕಂಪನಿ ಕೊಟ್ಟದ್ದು. ಹೆಸರು ಬ್ಯಾಡ. ಕನೆಕ್ಷನ್ ಬದಲಿಸಿದೆವು, ಕೆಲವೇ ತಿಂಗಳಲ್ಲಿ ವಿಳಾಸವೂ ಬಂದ್. ಅಕ್ಕನ ನೌಕರಿ ಸಂದರ್ಶನದ ಪತ್ರ ಆ ವಿಳಾಸಕ್ಕೇ ಹೋಗಿತ್ತು.

ಈಗ ಐದು ಶತಮಾನ ಹಿಂದಕ್ಕ ಹೋಗೋಣ. ಬೀದರಿನ ಮದರಸಾ ನೋಡಿರ್ತೀರಿ, 1472ರಲ್ಲಿ ಮಹಮೂದ್ ಗವಾನ್ ಕಟ್ಟಿಸಿದ್ದು. ಈ ಮಂತ್ರಿ ಪತ್ರ ಬರೆಯುವುದರಲ್ಲಿ ಪಂಡಿತ. ಪತ್ರಲೇಖನ ಕಲೆಯ ಮೇಲೆ ಗ್ರಂಥವನ್ನೇ ಬರೆದಿದ್ದಾನೆ. ಅವನ ನೂರಕ್ಕೂ ಹೆಚ್ಚು ಪಾರ್ಸಿ ಪತ್ರಗಳು ರಿಯಾಜ್-ಉಲ್-ಇನ್‌ಶಾ ಎಂಬ ಸಂಗ್ರಹದಲ್ಲಿ ಉಳಿದಿವೆ. ಆಟೊಮನ್ ಸುಲ್ತಾನನವರೆಗೂ ಬೀದರಿನಿಂದ ಪತ್ರ ಹೋಗುತ್ತಿತ್ತು. ಅಂಥವನನ್ನು ಕೊಂದದ್ದೂ ಒಂದು ಪತ್ರವೇ.

ಇತಿಹಾಸಕಾರ ಫಿರಿಶ್ತಾ ಹೇಳುವ ಪ್ರಕಾರ, ವೈರಿಗಳು ಗವಾನನ ಮುದ್ರೆ ಕಾಯುವವನನ್ನು ಒಲಿಸಿಕೊಂಡು ಖಾಲಿ ಹಾಳೆಯ ಮೇಲೆ ಮುದ್ರೆ ಒತ್ತಿಸಿಕೊಂಡರು. ಮೇಲೆ ಒಡಿಶಾದ ರಾಜನಿಗೆ ದಂಡೆತ್ತಿ ಬಾ ಎಂಬ ಆಹ್ವಾನ ಬರೆದು ಮೂರನೆಯ ಮುಹಮ್ಮದ್ ಶಾಹನಿಗೆ ತೋರಿಸಿದರು. ಮುದ್ರೆ ನನ್ನದು, ಪತ್ರ ನನ್ನದಲ್ಲ ಎಂದ ಗವಾನ್. ಸುಲ್ತಾನ ಕೇಳಲಿಲ್ಲ. 1481ರ ಏಪ್ರಿಲ್‌ನಲ್ಲಿ ಕೊಂಡಪಲ್ಲಿಯ ಪಾಳೆಯದಲ್ಲಿ ವೃದ್ಧ ಮಂತ್ರಿಯ ತಲೆ ಉರುಳಿತು. ಮುಂದೆ ಬಹಮನಿ ರಾಜ್ಯ ನಿಲ್ಲಲಿಲ್ಲ, ಅದು ಬೇರೆ ಸಂಚಿಕೆಯ ವಿಷಯ.

ಇಲ್ಲಿ ಒಂದು ಸೂಕ್ಷ್ಮ ನೋಡ್ರಿ. ಅದು ನಕಲಿ ಮುದ್ರೆ ಅಲ್ಲ, ಅಸಲಿ. ಇಮೇಲಿನಲ್ಲೂ ಎರಡು ಥರದ ಮೋಸ ಅದ. ಬೇರೆಯವರ ಹೆಸರು ಹಾಕಿ ಎಲ್ಲಿಂದಲೋ ಕಳಿಸುವುದು ಒಂದು. 1982ರ ಎಸ್‌ಎಂಟಿಪಿ ನಿಯಮದಲ್ಲಿ ಕಳಿಸಿದವ ಯಾರು ಅಂತ ಪರೀಕ್ಷಿಸುವ ವ್ಯವಸ್ಥೆಯೇ ಇರಲಿಲ್ಲ. ಅದನ್ನು ಹಿಡಿಯಲು ಈಗ ದೊಡ್ಡ ಕಂಪನಿಗಳ ಸರ್ವರುಗಳು ಡಿಕೆಐಎಂನಂಥ ಸಹಿ ನೋಡ್ತಾವ. ಇನ್ನೊಂದು ಗವಾನನ ಥರದ್ದು: ನಿಮ್ಮದೇ ಖಾತೆ, ನಿಮ್ಮದೇ ಪಾಸ್‌ವರ್ಡ್, ಬಳಸಿದವ ಬೇರೆ. ಇದನ್ನು ಆ ಸಹಿ ಹಿಡಿಯಂಗಿಲ್ಲ.

ಔರಾದ್, ಭಾಲ್ಕಿಯ ಬಹಳ ಜನ ಕಂಪ್ಯೂಟರನ್ನು ಮೊದಲು ಹತ್ತಿರದಿಂದ ನೋಡಿದ್ದು ತಾಲ್ಲೂಕು ಕಚೇರಿಯ ಭೂಮಿ ಕೇಂದ್ರದಲ್ಲಿ, 15 ರೂಪಾಯಿಗೆ ಪಹಣಿ ತಗೊಳ್ಳೋವಾಗ. ಅಲ್ಲಿ ಸಿಬ್ಬಂದಿ ಬೆರಳಚ್ಚು ಕೊಟ್ಟರೇನೇ ಒಳಗೆ ಪ್ರವೇಶ. ಪಾಸ್‌ವರ್ಡ್ ಒಂದೇ ಸಾಲದು ಅಂತ ಸರ್ಕಾರಕ್ಕೆ ಆಗಲೇ ಗೊತ್ತಿತ್ತು. ನಮಗೆ ಮಾತ್ರ ಉಳಿದದ್ದು ಇನ್ನೊಂದು ರೂಢಿ, ಕಂಪ್ಯೂಟರ್ ಅಂದ್ರ ಕೌಂಟರಿನ ಆಚೆ ಕೂತವರು ಮಾಡೋ ಕೆಲಸ ಅಂತ. ಇವತ್ತಿಗೂ ಎಷ್ಟೋ ಜನರ ಇಮೇಲ್ ಆನ್‌ಲೈನ್ ಅಂಗಡಿಯ ಹುಡುಗ ಮಾಡಿಕೊಟ್ಟದ್ದು. ಪಾಸ್‌ವರ್ಡ್ ಅವನ ವಹಿಯಲ್ಲಿ, ಮೊಬೈಲ್ ನಂಬರ್ ಅವಂದೇ. ಹುಡುಗ ಒಳ್ಳೆಯವನೇ ಇರಬಹುದು. ಅಂಗಡಿ ಮುಚ್ಚಿದರೆ? ಪಿಂಚಣಿ, ವಿದ್ಯಾರ್ಥಿವೇತನ, ಪಾಸ್‌ಪೋರ್ಟ್ ಎಲ್ಲದಕ್ಕೂ ಆ ವಿಳಾಸವೇ ಕೊಟ್ಟಿರ್ತಾರ.

ಹಂಗಾಗಿ ಭಾಲ್ಕಿಯವರಿಗೆ ನನ್ನ ಉತ್ತರ. ಇಂಟರ್ನೆಟ್ ಕಂಪನಿಯ ಜೊತೆ ಕೊಡೋ ವಿಳಾಸ ತಗೋಬ್ಯಾಡ್ರಿ. ಜಿಮೇಲ್ ಅಥವಾ ಔಟ್‌ಲುಕ್, ಯಾವುದಾದರೂ ನಡೀತದ. ತಂದೆಯ ಹತ್ತಿರ ಆಂಡ್ರಾಯ್ಡ್ ಫೋನ್ ಇದ್ದರೆ ಜಿಮೇಲೇ ಸರಳ, ಖಾತೆ ಆಗಲೇ ಇರ್ತದ. ಅದರ 15 ಜಿಬಿಯಲ್ಲಿ ಫೋಟೋಗಳೂ ಸೇರ್ತಾವ, ತುಂಬಿದರೆ ಪತ್ರ ಬರೋದು ನಿಲ್ತದ. ಎರಡು ವರ್ಷ ಬಳಸದೇ ಬಿಟ್ಟರೆ ಅಳಿಸಲೂಬಹುದು. ಪತ್ರದ ಪ್ರತಿ ಮನೆಯಲ್ಲೂ ಇರಲಿ ಅನಿಸಿದರೆ ಥಂಡರ್‌ಬರ್ಡ್ ಹಾಕಿ. ಅದರಲ್ಲಿ ಪಾಪ್ ಬದಲು ಐಮ್ಯಾಪ್ ಆರಿಸಿದರೆ ಸರ್ವರಿನ ಪತ್ರ ಅಲ್ಲೇ ಉಳೀತದ.

ರಿಕವರಿ ನಂಬರ್ ತಂದೆಯದೇ ಇರಬೇಕು, ನಿಮ್ಮದೂ ಅಲ್ಲ, ಅಂಗಡಿಯದಂತೂ ಅಲ್ಲವೇ ಅಲ್ಲ. ಎರಡು ಹಂತದ ಪರಿಶೀಲನೆ ಹಚ್ಚಿ, ಬ್ಯಾಕಪ್ ಕೋಡ್ ತಗೋರಿ. ಜಿಮೇಲಿನಲ್ಲಿ ಹತ್ತು ಬರ್ತಾವ, ಒಂದೊಂದೂ ಎಂಟು ಅಂಕಿ. ಹಾಳೆಯ ಮೇಲೆ ಬರೆದು ಹೊಲದ ಕಾಗದ ಇಡೋ ಟ್ರಂಕಿನಾಗ ಇಡ್ರಿ. ಒಮ್ಮೆ ಬಳಸಿದ ಕೋಡ್ ಮತ್ತೆ ನಡೆಯಂಗಿಲ್ಲ, ಅದರ ಮೇಲೆ ಗೀಟು ಹಾಕ್ರಿ.