ಮೈಸೂರಿನ ಹೆರಿಗೆ ದಾಖಲೆಗಳು ಹೇಳಿದ ಕೊಬ್ಬಿನ ಕಥೆ

ತೆಳ್ಳಗಿದ್ದೂ ಸಕ್ಕರೆ ಕಾಯಿಲೆ ಬಂದವರು ನಿಮ್ಮ ಪರಿಚಯದವರಲ್ಲಿ ಒಬ್ಬರಾದರೂ ಇರಬಹುದು. ‘ಬೊಜ್ಜು ಇದ್ದವರಿಗೆ ತಾನೇ ಮಧುಮೇಹ? ಇವರಿಗೇಕೆ ಬಂತು?’ ಎಂದು ನಿಮಗೆ ಅಚ್ಚರಿಯಾಗಿದ್ದರೆ ಅದು ಸಹಜ. ವಿಜ್ಞಾನಿಗಳನ್ನೂ ಈ ಪ್ರಶ್ನೆ ಬಹುಕಾಲ ಕಾಡಿತು. ಇದಕ್ಕೆ ಉತ್ತರ ಹುಡುಕುವುದರಲ್ಲಿ ನಮ್ಮ ಮೈಸೂರಿನ ಆಸ್ಪತ್ರೆಯೊಂದರ ಹಳೆಯ ಹೆರಿಗೆ ದಾಖಲೆಗಳು ಮುಖ್ಯ ಪಾತ್ರ ವಹಿಸಿವೆ. ಆ ಕಥೆಗೆ ಮೊದಲು, ಕೊಬ್ಬನ್ನು ಅಳೆಯಲು ಮನುಷ್ಯ ಹೇಗೆ ಕಲಿತ ಎಂಬುದನ್ನು ನೋಡೋಣ.

ತೂಕ ಹೇಳದ ಸಂಗತಿ

ವಯಸ್ಕರ ತೂಕ ಅವರ ಎತ್ತರದ ವರ್ಗಕ್ಕೆ ಅನುಗುಣವಾಗಿರುತ್ತದೆ ಎಂದು ಬೆಲ್ಜಿಯಮ್ಮಿನ ಗಣಿತಜ್ಞ ಅಡಾಲ್ಫ್ ಕ್ವೆಟಲೆ 1832ರಲ್ಲಿ ತೋರಿಸಿದ. ಕಿಲೋಗ್ರಾಮ್‌ಗಳಲ್ಲಿ ತೂಕವನ್ನು ಮೀಟರ್‌ಗಳಲ್ಲಿ ಎತ್ತರದ ವರ್ಗದಿಂದ ಭಾಗಿಸಿದರೆ ಬರುವ ಸಂಖ್ಯೆಗೆ ಅಮೆರಿಕದ ಆನ್ಸೆಲ್ ಕೀಸ್ 1972ರಲ್ಲಿ ‘ದೇಹತೂಕ ಸೂಚಿ’ ಎಂಬ ಹೆಸರು ಕೊಟ್ಟರು. ಇದೇ ಈಗಿನ ಬಿಎಂಐ. 1.6 ಮೀಟರ್ ಎತ್ತರ, 64 ಕಿಲೋ ತೂಕ ಇರುವವರ ಸೂಚಿ 25.

ಆದರೆ ಈ ಸಂಖ್ಯೆ ಸ್ನಾಯು ಎಷ್ಟು, ಕೊಬ್ಬು ಎಷ್ಟು ಎಂದು ಹೇಳುವುದಿಲ್ಲ. ಕೊಬ್ಬು ಎಲ್ಲಿದೆ ಎಂಬುದನ್ನಂತೂ ಹೇಳುವುದೇ ಇಲ್ಲ. ಸೊಂಟ-ತೊಡೆಗಳ ಕೊಬ್ಬಿಗಿಂತ ದೇಹದ ಮೇಲ್ಭಾಗದ ಕೊಬ್ಬು ಹೆಚ್ಚು ಅಪಾಯಕಾರಿ ಎಂದು ಫ್ರಾನ್ಸಿನ ವೈದ್ಯ ಝಾನ್ ವಾಗ್ 1947ರಲ್ಲೇ ಬರೆದಿದ್ದರು. ಅದಕ್ಕೆ ಆಗ ಸಿಕ್ಕ ಗಮನ ಅಷ್ಟಕ್ಕಷ್ಟೆ.

ಕೊಬ್ಬಿನ ಅಂಗಾಂಶ ಬರೀ ಉಗ್ರಾಣವೆಂಬ ನಂಬಿಕೆಯೂ ಇತ್ತು. 1994ರಲ್ಲಿ ಜೆಫ್ರಿ ಫ್ರೀಡ್‌ಮನ್ ಅವರ ತಂಡ ಲೆಪ್ಟಿನ್ ಹಾರ್ಮೋನಿನ ಜೀನನ್ನು ಗುರುತಿಸಿತು. ಲೆಪ್ಟಿನ್ ತಯಾರಾಗುವುದು ಕೊಬ್ಬಿನ ಕೋಶಗಳಲ್ಲಿ. ಅದು ರಕ್ತದ ಮೂಲಕ ಮಿದುಳನ್ನು ತಲುಪಿ, ಸಂಗ್ರಹ ಸಾಕಷ್ಟಿದೆ ಎಂದು ತಿಳಿಸುತ್ತದೆ. ಅಂದರೆ ಕೊಬ್ಬು ದೇಹಕ್ಕೆ ಸಂದೇಶ ಕಳಿಸುವ ಒಂದು ಅಂಗ! ಚರ್ಮದಡಿಯ ಕೊಬ್ಬಿನ ಕೋಶಗಳಲ್ಲಿ ಜಾಗ ಸಾಲದಾದಾಗ ಹೆಚ್ಚುವರಿ ಕೊಬ್ಬು ಹೊಟ್ಟೆಯೊಳಗೆ, ಯಕೃತ್ತಿನಲ್ಲಿ, ಸ್ನಾಯುಗಳಲ್ಲಿ ಶೇಖರವಾಗುತ್ತದೆ. ಆಗ ಇನ್ಸುಲಿನ್ ಇದ್ದರೂ ಅದರ ಕೆಲಸ ಸರಿಯಾಗಿ ನಡೆಯುವುದಿಲ್ಲ. ರಕ್ತದಲ್ಲಿ ಗ್ಲೂಕೋಸ್ ಏರುತ್ತದೆ.

1934ರ ದಾಖಲೆಗಳು

ಈಗ ಮೈಸೂರಿಗೆ ಬನ್ನಿ. 1906ರಲ್ಲಿ ಆರಂಭವಾದ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ ಅಲ್ಲಿನ ಜನರಿಗೆ ‘ಮಿಷನ್ ಆಸ್ಪತ್ರೆ’ ಎಂದೇ ಪರಿಚಿತ. 1934ರಿಂದ ಇಲ್ಲಿ ಹುಟ್ಟಿದ ಮಕ್ಕಳ ತೂಕ, ಉದ್ದ, ತಲೆಯ ಸುತ್ತಳತೆಗಳನ್ನು ಬರೆದಿಡಲಾಗಿತ್ತು. ಬರೆದವರಿಗೆ ಅದು ದಿನನಿತ್ಯದ ಕೆಲಸ. ಮುಂದೆ ಅದರಿಂದ ಸಂಶೋಧನೆ ನಡೆದೀತೆಂದು ಯಾರು ತಾನೇ ಎಣಿಸಿದ್ದಾರು?

ಹುಟ್ಟುವಾಗ ತೂಕ ಕಡಿಮೆಯಿದ್ದವರಿಗೆ ಮುಂದೆ ಹೃದಯರೋಗದ ಅಪಾಯ ಹೆಚ್ಚು ಎಂಬುದನ್ನು ಇಂಗ್ಲೆಂಡಿನ ಡೇವಿಡ್ ಬಾರ್ಕರ್ ಹರ್ಟ್‌ಫರ್ಡ್‌ಶೈರ್‌ನ ಹಳೆಯ ದಾಖಲೆಗಳಿಂದ 1989ರಲ್ಲಿ ತೋರಿಸಿದ್ದರು. ಇದು ಭಾರತಕ್ಕೂ ಅನ್ವಯಿಸುವುದೇ? ಕ್ಯಾರೊಲಿನ್ ಫಾಲ್, ಕೆ. ಕುಮಾರನ್ ಮೊದಲಾದವರು 1934ರಿಂದ 1954ರ ನಡುವೆ ಮೈಸೂರಿನ ಈ ಆಸ್ಪತ್ರೆಯಲ್ಲಿ ಹುಟ್ಟಿ, ಅದರ ಸಮೀಪದಲ್ಲೇ ವಾಸವಿದ್ದ 517 ಜನರನ್ನು ಪರೀಕ್ಷಿಸಿದರು. 1996ರಲ್ಲಿ ಫಲಿತಾಂಶ ಪ್ರಕಟವಾಯಿತು. ಗಂಡಸರಲ್ಲಿ ಶೇ. 9, ಹೆಂಗಸರಲ್ಲಿ ಶೇ. 11 ಮಂದಿಗೆ ಹೃದಯದ ರಕ್ತನಾಳಗಳ ಕಾಯಿಲೆಯಿತ್ತು. ಹುಟ್ಟುವಾಗ ಎರಡೂವರೆ ಕಿಲೋ ಅಥವಾ ಅದಕ್ಕೂ ಕಡಿಮೆ ಇದ್ದು, ತಾಯಿಯ ತೂಕ 45 ಕಿಲೋಗಿಂತ ಕಡಿಮೆ ಇದ್ದವರಲ್ಲಿ ಈ ಪ್ರಮಾಣ ಶೇ. 20!

ಆದರೆ ಮಧುಮೇಹದ ಲೆಕ್ಕ ಬೇರೆಯಾಗಿತ್ತು. 1998ರ ವರದಿಯ ಪ್ರಕಾರ, ಉದ್ದ ಕಡಿಮೆಯಿದ್ದು ಉದ್ದಕ್ಕೆ ಹೋಲಿಸಿದರೆ ದಪ್ಪಗೆ ಹುಟ್ಟಿದವರಲ್ಲಿ ಮಧುಮೇಹ ಹೆಚ್ಚು. ಅವರ ತಾಯಂದಿರ ತೂಕವೂ ಸರಾಸರಿಗಿಂತ ಹೆಚ್ಚಿತ್ತು. ಬಸಿರಿನಲ್ಲಿ ತಾಯಿಯ ರಕ್ತದಲ್ಲಿ ಗ್ಲೂಕೋಸ್ ಏರಿತ್ತೇ ಎಂಬ ಸಂಶಯ ಮೂಡಿತು. ಹಳೆಯ ದಾಖಲೆಗಳಲ್ಲಿ ಇದಕ್ಕೆ ಉತ್ತರವಿರಲಿಲ್ಲ.

ಹೊಸ ತಲೆಮಾರಿನ ಅಧ್ಯಯನ

ಹಾಗಾಗಿ ಅದೇ ಆಸ್ಪತ್ರೆಯಲ್ಲಿ 1997-98ರಲ್ಲಿ 830 ಗರ್ಭಿಣಿಯರನ್ನು ಪರೀಕ್ಷಿಸಿ, ಅವರ ಮಕ್ಕಳನ್ನು ವರ್ಷಗಟ್ಟಲೆ ಗಮನಿಸುವ ‘ಪಾರ್ಥೆನಾನ್ ಅಧ್ಯಯನ’ ಆರಂಭವಾಯಿತು. ಸುಮಾರು ಶೇ. 6ರಷ್ಟು ಗರ್ಭಿಣಿಯರಿಗೆ ಬಸಿರಿನ ಮಧುಮೇಹವಿತ್ತು. ಡಾ. ಜಿ.ವಿ. ಕೃಷ್ಣವೇಣಿ ಮತ್ತು ಸಂಗಡಿಗರು 2005ರಲ್ಲಿ ಪ್ರಕಟಿಸಿದ ವರದಿ ಗಮನಾರ್ಹ. ಮೈಸೂರಿನ ನವಜಾತ ಶಿಶುಗಳು ಬ್ರಿಟನ್ನಿನ ಶಿಶುಗಳಿಗಿಂತ ಚಿಕ್ಕವು. ಆದರೆ ಬೆನ್ನಿನ ಮೇಲ್ಭಾಗದ ಚರ್ಮದಡಿಯ ಕೊಬ್ಬು ಆ ಪ್ರಮಾಣದಲ್ಲಿ ಕಡಿಮೆಯಿರಲಿಲ್ಲ. ನಾಲ್ಕು ವರ್ಷವಾಗುವಷ್ಟರಲ್ಲಿ ಅದು ಬ್ರಿಟನ್ನಿನ ಮಕ್ಕಳಿಗಿಂತ ದಪ್ಪವಾಗಿತ್ತು. ಉಳಿದ ಅಳತೆಗಳಲ್ಲಿ ನಮ್ಮ ಮಕ್ಕಳು ಆಗಲೂ ಚಿಕ್ಕವರೇ!

ಪುಣೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಅವರ ತಂಡವೂ 2003ರಲ್ಲಿ ಇಂಥದೇ ಸಂಗತಿ ವರದಿ ಮಾಡಿತ್ತು. ಪುಣೆ ಬಳಿಯ ಹಳ್ಳಿಗಳ ಶಿಶುಗಳ ಸರಾಸರಿ ತೂಕ 2.7 ಕಿಲೋ, ಇಂಗ್ಲೆಂಡಿನ ಸೌತಾಂಪ್ಟನ್ನಿನಲ್ಲಿ 3.5 ಕಿಲೋ. ಕೊರತೆಯಿದ್ದದ್ದು ಹೆಚ್ಚಾಗಿ ಸ್ನಾಯುವಿನಲ್ಲಿ, ಕೊಬ್ಬಿನಲ್ಲಿ ಅಲ್ಲ.

ಮೈಸೂರಿನ ಮಕ್ಕಳಿಗೆ ಒಂಬತ್ತೂವರೆ ವರ್ಷವಾದಾಗ ಇನ್ನೊಂದು ವಿಷಯ ತಿಳಿಯಿತು. ಬಸಿರಿನ ಮಧುಮೇಹವಿದ್ದ ತಾಯಂದಿರ ಮಕ್ಕಳಲ್ಲಿ ಕೊಬ್ಬೂ ಹೆಚ್ಚು, ರಕ್ತದ ಗ್ಲೂಕೋಸ್ ಮತ್ತು ಇನ್ಸುಲಿನ್ ಮಟ್ಟಗಳೂ ಹೆಚ್ಚು. 1998ರ ಸಂಶಯಕ್ಕೆ ಇದರಿಂದ ಬಲ ಬಂತು.

ನಮಗೇನು ಪಾಠ?

ಬೆಂಗಳೂರಿನ ಮಾಗಡಿ ರಸ್ತೆಯ ಬ್ಯಾಡರಹಳ್ಳಿಯನ್ನು ನೋಡಿ. ಇಂದು ಅದು ಹೆಸರಿನಲ್ಲಷ್ಟೇ ಹಳ್ಳಿ. ಇಂಥ ಬಡಾವಣೆಗಳಲ್ಲಿ ಅಜ್ಜಿ ಹೊಲದಲ್ಲಿ ದುಡಿದಿರಬಹುದು, ಮೊಮ್ಮಗ ದಿನವಿಡೀ ಕುರ್ಚಿಯಲ್ಲಿ ಕುಳಿತಿರಬಹುದು. ಸ್ನಾಯು ಕಡಿಮೆಯಿರುವ ದೇಹಕ್ಕೆ ನಗರದ ಊಟ, ವಾಹನ, ವಿಶ್ರಾಂತಿಗಳು ಸಿಕ್ಕಾಗ ಮೊದಲು ಬೆಳೆಯುವುದು ಹೊಟ್ಟೆ. ದೇಶದಲ್ಲಿ 10.1 ಕೋಟಿ ಮಧುಮೇಹಿಗಳಿದ್ದಾರೆ ಎಂದು 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಸಮೀಕ್ಷೆ ಅಂದಾಜು ಮಾಡಿತು.

ಆದ್ದರಿಂದಲೇ ನಮ್ಮ ತಜ್ಞರು 2009ರಲ್ಲಿ ಭಾರತೀಯರಿಗೆ ಬೇರೆ ಮಿತಿ ಸೂಚಿಸಿದರು. ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಸೂಚಿ 25 ದಾಟಿದರೆ ಅತಿತೂಕ, 30 ದಾಟಿದರೆ ಬೊಜ್ಜು. ನಮಗೆ ಅವು 23 ಮತ್ತು 25. ಸೊಂಟದ ಸುತ್ತಳತೆ ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80 ಸೆಂ.ಮೀ. ಮೀರಬಾರದು. ಇದನ್ನಳೆಯಲು ದರ್ಜಿಯ ಟೇಪು ಸಾಕು.

ಕಡಿಮೆ ತೂಕದಲ್ಲಿ ಹುಟ್ಟಿದವರೆಲ್ಲರಿಗೂ ರೋಗ ಕಟ್ಟಿಟ್ಟದ್ದು ಎಂದು ಭಾವಿಸಬೇಡಿ. ಇಲ್ಲಿ ಹೇಳಿದ್ದು ಸಾಧ್ಯತೆಯ ಮಾತು. ನಡಿಗೆ, ದುಡಿಮೆ, ಹಿತಮಿತ ಊಟ ಯಾವ ವಯಸ್ಸಿನಲ್ಲೂ ಫಲ ಕೊಡುತ್ತವೆ. ಆದರೆ ಮಧುಮೇಹದ ತಡೆ ನಲವತ್ತರಲ್ಲಿ ಆರಂಭವಾಗಬೇಕಾದ ಕೆಲಸವಲ್ಲ. ಹೆಣ್ಣುಮಗುವಿಗೆ ಸಾಕಷ್ಟು ಪೌಷ್ಟಿಕ ಊಟ, ಬಸುರಿಗೆ ಸಕಾಲದಲ್ಲಿ ಗ್ಲೂಕೋಸ್ ಪರೀಕ್ಷೆ ಇವೂ ಆ ತಡೆಯ ಭಾಗಗಳೇ. ಮುಂದಿನ ಸಲ ತಾಯಿ ಕಾರ್ಡಿನಲ್ಲಿ ಬಸುರಿಯ ತೂಕ ಬರೆಯುವುದನ್ನು ಕಂಡಾಗ, ಆ ಅಂಕಿ ಹುಟ್ಟಲಿರುವ ಮಗುವಿನ ನಡುವಯಸ್ಸಿಗೂ ಸಂಬಂಧಪಟ್ಟದ್ದು ಎಂಬುದನ್ನು ನೆನಪಿಡಿ.