ಬ್ರೆಜಿಲಿನ ಒರಿಶಾಗೀತಗಳಲ್ಲಿ ರಕ್ಷಕದೇವಿಯರು

ಬ್ರೆಜಿಲ್ ದೇಶದ ಬಹಿಯಾ ಪ್ರಾಂತದಲ್ಲಿ ಕಾಂದೊಂಬ್ಲೆ ಎಂಬ ಮತವೊಂದುಂಟು. ಪಶ್ಚಿಮ ಆಫ್ರಿಕದಿಂದ ಗುಲಾಮರನ್ನಾಗಿ ಹಿಡಿದು ತಂದ ಜನರು, ಅವರಲ್ಲಿಯೂ ಯೊರುಬಾ ಭಾಷೆಯವರು ವಿಶೇಷವಾಗಿ, ಇದನ್ನು ಕಟ್ಟಿ ಬೆಳೆಸಿದರು. ಇವರ ದೈವಗಳಿಗೆ ಒರಿಶಾ ಎಂದು ಹೆಸರು. ಇವನ್ನು ಪಿಶಾಚಗಳೆಂದು ಬರೆದ ಪಾಶ್ಚಾತ್ಯರುಂಟು; ಆ ಮಾತು ಒಪ್ಪತಕ್ಕುದಲ್ಲ.

ಯೆಮಾಂಜಾ, ಓಶುಂ, ಇಯಾನ್ಸಾ ಎಂಬ ಮೂವರು ದೇವಿಯರೂ ಆಫ್ರಿಕದಲ್ಲಿ ನದೀದೇವತೆಗಳೇ ಆಗಿದ್ದರು. ಒಗುನ್ ನದಿ ಯೆಮಾಂಜಾಳದು; ಓಶುಂ ತನ್ನ ಹೆಸರಿನ ನದಿಗೇ ಒಡತಿ; ಇಯಾನ್ಸಾಳದು ನೈಜರ್. ನದಿಗಳನ್ನು ಹಡಗಿನಲ್ಲಿ ತರುವಂತಿರಲಿಲ್ಲ, ಹಾಡುಗಳು ಬಂದವು. ಬ್ರೆಜಿಲಿನಲ್ಲಿ ಓಶುಂ ಸಿಹಿನೀರಿಗೂ ಇಯಾನ್ಸಾ ಬಿರುಗಾಳಿಗೂ ಒಡತಿಯರೆನಿಸಿದರು. ಯೆಮಾಂಜಾಳಾದರೋ ಸಮುದ್ರಮಾತೆಯಾಗಿ ಬೆಸ್ತರನ್ನು ಕಾಯುವವಳಾದಳು. ಸಾಲ್ವಡಾರ್ ನಗರದ ಹಿಯೊ ವೆರ್ಮೆಲ್ಯು ಎಂಬ ಕರಾವಳಿಯಲ್ಲಿ ಫೆಬ್ರವರಿ 2ರಂದು ಬೆಸ್ತರು ಹೂವು, ಕನ್ನಡಿ, ಸುಗಂಧದ್ರವ್ಯಗಳನ್ನು ದೋಣಿಗಳಲ್ಲಿ ಒಯ್ದು ಆಕೆಗೆ ಒಪ್ಪಿಸುತ್ತಾರೆ.

ಪೂಜೆಯ ಗೀತಗಳು ಹಳೆಯ ಯೊರುಬಾದಲ್ಲಿವೆ. ಹಾಡುವವರಲ್ಲಿ ಅನೇಕರಿಗೆ ಪದಪದದ ಅರ್ಥ ತಿಳಿಯದು. ಆದರೂ ಯಾವ ಹಾಡು ಯಾವ ದೇವಿಯದೆಂಬುದರಲ್ಲಿ ಅವರಿಗೆ ಸಂದೇಹವಿಲ್ಲ. ಅದನ್ನು ತಿಳಿಸುವುದು ಲಯ. ರುಂ, ರುಂಪಿ, ಲೆ ಎಂಬ ಮೂರು ಮದ್ದಳೆಗಳಲ್ಲಿ ಚಿಕ್ಕವೆರಡು ತಾಳವನ್ನು ಹಿಡಿದಿರುತ್ತವೆ. ದೊಡ್ಡದಾದ ರುಂ ನರ್ತಿಸುವವಳ ಹೆಜ್ಜೆಯೊಡನೆ ಸಂಭಾಷಿಸುತ್ತದೆ. ಓಶುಂದೇವಿಗೆ ಸಲ್ಲುವುದು ಇಜೇಶಾ ಎಂಬ ಮೃದುಗತಿ. ಅದನ್ನು ಬರಿಯ ಕೈಯಿಂದಲೇ ನುಡಿಸಬೇಕು. ಇಯಾನ್ಸಾಳನ್ನು ಕರೆಯುವ ಗತಿಯೋ ಗಾಳಿಯಂತೆಯೇ ಅತಿ ಶೀಘ್ರವಾದುದು. ಸಾಹಿತ್ಯವು ಮಸುಕಾದರೂ ದೇವಿ ಮಸುಕಾಗದಿರುವುದಕ್ಕೆ ಇದೇ ಕಾರಣವೆನ್ನಬೇಕು. ಬರಿಯ ಪಾಠವನ್ನು ಸಂಗ್ರಹಿಸಿ ತೃಪ್ತರಾಗುವ ಸಂಶೋಧಕರು ಗಮನಿಸಬೇಕಾದ ಸಂಗತಿಯಿದು.

ಸಂಪ್ರದಾಯದಂತೆ ಮದ್ದಳೆಗಾರರು ಗಂಡಸರು. ದೇವಿ ಮೈಮೇಲೆ ಬರುವುದು ಹೆಚ್ಚಾಗಿ ಹೆಂಗಸರಿಗೆ. ಸಾಲ್ವಡಾರಿನ ಹಳೆಯ ಪೂಜಾಗೃಹಗಳಲ್ಲಿ ಮುಖ್ಯವಾದ ಕಾಸಾ ಬ್ರಾಂಕಾ, ಗಾಂತ್ವಾಗಳಲ್ಲಿ ಒಡೆತನವೂ ಸ್ತ್ರೀಯರದೇ. 1888ರಲ್ಲಿ ಗುಲಾಮಗಿರಿ ಅಳಿಯಿತು. ಆದರೆ 1890ರ ದಂಡಸಂಹಿತೆಯು ಮಾಟಮಂತ್ರಗಳನ್ನು ಅಪರಾಧವೆಂದು ಗಣಿಸಿತು. ಪೋಲೀಸರು ಪೂಜಾಗೃಹಗಳಿಗೆ ನುಗ್ಗಿ ಮದ್ದಳೆಗಳನ್ನು ಹೊತ್ತೊಯ್ದರು. ಬಲ್ಲವರು ಒಯ್ದಂತೆಯೇ ಸರಿ: ಮದ್ದಳೆಯಿಲ್ಲದೆ ದೇವಿಗೆ ಆಹ್ವಾನವೇ ಇಲ್ಲ. ಬಹಿಯಾದಲ್ಲಿ ಪೂಜೆಗೆ ಪೋಲೀಸರ ಅನುಮತಿ ಬೇಕೆಂಬ ನಿಯಮವು 1976ರವರೆಗೂ ನಿಂತಿತ್ತು. 1984ರಲ್ಲಿ ಕಾಸಾ ಬ್ರಾಂಕಾ ರಾಷ್ಟ್ರೀಯ ಸ್ಮಾರಕವೆನಿಸಿತು.

ನಿರ್ಬಂಧವಿದ್ದ ಆ ಕಾಲದಲ್ಲಿಯೇ ಇಜೇಶಾ ಬೀದಿಗೂ ಇಳಿಯಿತು. 1949ರಲ್ಲಿ ಸಾಲ್ವಡಾರಿನ ಬಂದರಿನ ಕೂಲಿಗಳು, ಹಿಂದಿನ ವರ್ಷ ಹತರಾದ ಮಹಾತ್ಮರ ಹೆಸರಿನಲ್ಲಿ, 'ಗಾಂಧಿಯ ಮಕ್ಕಳು' ಎಂಬ ಮೇಳವನ್ನು ಕಟ್ಟಿದರು. ಬಿಳಿಯ ಉಡುಪು ಧರಿಸಿ ಅವರು ಕಾರ್ನಿವಲ್ ಉತ್ಸವದಲ್ಲಿ ನುಡಿಸುತ್ತ ನಡೆದುದು ಓಶುಂದೇವಿಯ ಆ ಲಯವನ್ನೇ.